ಕ್ರಿಸ್ಮಸ್ ಪುಡ್ಡಿಂಗ್: ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ

ಡಿಸೆಂಬರ್ ಬಂತೆಂದರೆ ಆಫೀಸಿನವರೋ ಪಕ್ಕದ ಮನೆಯವರೋ ಊಟಕ್ಕೆ ಕರೆಯುತ್ತಾರೆ. ಹೋಗಿ. ಕ್ರಿಸ್ಮಸ್ ದಿನ ಲಂಡನ್ನಿನಲ್ಲಿ ಟ್ಯೂಬ್ ಎನ್ನುವ ನೆಲದಡಿಯ ರೈಲೂ ಇಲ್ಲ, ಬಸ್ಸೂ ಇಲ್ಲ. ಹೋಗಿಬರುವ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ.

ಊಟದ ಕೊನೆಗೆ ಕಪ್ಪಗಿನ ಪುಡ್ಡಿಂಗ್ ಬರುತ್ತದೆ. ದೀಪ ಆರಿಸಿ, ಬಿಸಿ ಬ್ರಾಂಡಿ ಸುರಿದು ಬೆಂಕಿ ಹಚ್ಚುತ್ತಾರೆ. ನೀಲಿ ಉರಿ ಎದ್ದು ಅಡಗುತ್ತದೆ. ನಮ್ಮವರು ಇದನ್ನು ಬೆಂಗಳೂರಿನ ಬೇಕರಿಯ ಪ್ಲಮ್ ಕೇಕ್ ಎಂದುಕೊಂಡು ದೊಡ್ಡ ತುಂಡು ಹಾಕಿಸಿಕೊಳ್ಳುತ್ತಾರೆ. ಇದು ಗಂಟೆಗಟ್ಟಲೆ ಹಬೆಯಲ್ಲಿ ಬೆಂದದ್ದು, ಬಲು ಭಾರ. ನಾಲ್ಕು ಚಮಚ ಸಾಕು.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ನಿಲ್ಲಿ. ಒಣದ್ರಾಕ್ಷಿ, ಬ್ರೆಡ್ಡಿನ ಪುಡಿ, ಕಂದು ಸಕ್ಕರೆ, ಜಾಯಿಕಾಯಿ ಎಲ್ಲ ಸರಿ. ಮೊಟ್ಟೆಯೂ ಇರುತ್ತದೆ. ಮೇಲಾಗಿ ಹಳೇ ಪದ್ಧತಿಯಲ್ಲಿ ಸೂಯೆಟ್ ಬೀಳುತ್ತದೆ, ಅಂದರೆ ದನದ ಕಿಡ್ನಿಯ ಸುತ್ತಲಿನ ಗಟ್ಟಿ ಕೊಬ್ಬು. ಎಷ್ಟೋ ಜನಕ್ಕೆ ಇದು ತಿಂದು ಮುಗಿಸಿದ ಮೇಲೆ ಗೊತ್ತಾಗುತ್ತದೆ! ಸಂಕೋಚ ಬೇಡ, ಕರೆದಾಗಲೇ ಕೇಳಿ. ಸಸ್ಯದ ಎಣ್ಣೆಯ ಸೂಯೆಟ್ಟೂ ಸಿಗುತ್ತದೆ. ಅಂಗಡಿಯ ಪುಡ್ಡಿಂಗಾದರೆ ಪೊಟ್ಟಣ ಓದಿ.

ಇದರ ಮೂಲವಂತೂ ಮಾಂಸ, ಒಣಹಣ್ಣು, ಮಸಾಲೆ ಹಾಕಿದ ಗಂಜಿ. ಕಾಲ ಕಳೆದಂತೆ ಮಾಂಸ ಹೋಯಿತು, ಕೊಬ್ಬು ಮಾತ್ರ ಉಳಿಯಿತು. ಆಮೇಲೆ ಬಟ್ಟೆಯಲ್ಲಿ ಗಂಟು ಕಟ್ಟಿ ಕುದಿಸುತ್ತಿದ್ದರು, ಅದಕ್ಕೇ ಚಿತ್ರಗಳಲ್ಲಿ ಚೆಂಡಿನ ಹಾಗಿರುತ್ತದೆ. ಅಡ್ವೆಂಟ್, ಅಂದರೆ ಕ್ರಿಸ್ಮಸ್ಸಿಗೆ ಕಾಯುವ ವಾರಗಳು, ಶುರುವಾಗುವ ಹಿಂದಿನ ಭಾನುವಾರ ಮನೆಮಂದಿಯೆಲ್ಲ ಸರದಿಯಂತೆ ಹಿಟ್ಟು ಕಲಸಬೇಕು, ಪೂರ್ವದಿಂದ ಪಶ್ಚಿಮಕ್ಕೆ. ಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳ ದಾರಿ ಅದು. ಒಳಗೊಂದು ಬೆಳ್ಳಿಯ ಆರು ಪೆನ್ಸ್ ನಾಣ್ಯ; ಸಿಕ್ಕವರಿಗೆ ಅದೃಷ್ಟ. ಚಿಕ್ಕ ಮಕ್ಕಳಿದ್ದರೆ ನಾಣ್ಯದ ಉಸಾಬರಿ ಬೇಡ.

ನನಗೆ ಸಿಟ್ಟೂ ನಗುವೂ ಒಟ್ಟಿಗೆ ಬರುವುದು 1927ರ ಸಂಗತಿಗೆ. ಬ್ರಿಟಿಷ್ ಸಾಮ್ರಾಜ್ಯದ ಸರಕು ಮಾರಲು ಎಂಪೈರ್ ಮಾರ್ಕೆಟಿಂಗ್ ಬೋರ್ಡ್, ಐದನೇ ಜಾರ್ಜ್ ದೊರೆಯ ಅಡುಗೆಯವರ ಪುಡ್ಡಿಂಗ್ ವಿಧಾನವನ್ನು ಹಂಚಿತು. ಆಸ್ಟ್ರೇಲಿಯಾದಿಂದ ಸೇರುಗಟ್ಟಲೆ ದ್ರಾಕ್ಷಿ, ಜಮೈಕಾದಿಂದ ರಮ್, ಸಿಲೋನಿನಿಂದ ಚಕ್ಕೆ, ಜಾಂಜಿಬಾರಿನಿಂದ ಲವಂಗ. ಅಷ್ಟು ದೊಡ್ಡ ಇಂಡಿಯಾದಿಂದ ಒಂದು ಟೀ ಚಮಚ ಮಸಾಲೆ!

ಮನೆಯಲ್ಲಿ ಮಾಡುವುದಾದರೆ ಆಳವಾದ ಪಾತ್ರೆ ಸಾಕು. ಕಲಸಿದ ಹಿಟ್ಟನ್ನು ಬೋಗುಣಿಗೆ ತುಂಬಿ, ಅದರ ಬಾಯಿಗೆ ಬೆಣ್ಣೆ ಕಾಗದ, ಮೇಲೆ ಫಾಯಿಲ್, ಎರಡನ್ನೂ ಸೇರಿಸಿ ಒಂದು ನೆರಿಗೆ ಹಿಡಿದು ದಾರ ಕಟ್ಟಿ. ಹಿಟ್ಟು ಉಬ್ಬಿದಾಗ ಆ ನೆರಿಗೆ ಬಿಚ್ಚಿಕೊಳ್ಳುತ್ತದೆ. ಬೋಗುಣಿಯನ್ನು ಪಾತ್ರೆಯೊಳಗಿಡಿ; ಪಾತ್ರೆಯಲ್ಲಿ ಬೋಗುಣಿಯ ಅರ್ಧ ಎತ್ತರದವರೆಗೆ ನೀರಿರಲಿ. ಬತ್ತಿದ ಹಾಗೆಲ್ಲ ಬಿಸಿನೀರನ್ನೇ ಹಾಕಿ. ಆರೇಳು ಗಂಟೆ ಬೇಯಬೇಕು, ಬಡಿಸುವ ದಿನ ಮತ್ತೆ ಎರಡು ಗಂಟೆ.

ಇಲ್ಲಿಯವರಲ್ಲಿ ಈಗ ಜಾಸ್ತಿ ಜನ ಸೂಪರ್‌ಮಾರ್ಕೆಟ್ಟಿನಿಂದ ತಂದು ಮೈಕ್ರೋವೇವಿಗೆ ಇಡುತ್ತಾರೆ. ಆಡಿಕೊಳ್ಳಲು ನಮಗೇನು ಹಕ್ಕಿದೆ? ನಮ್ಮ ಯುಗಾದಿ ಹೋಳಿಗೆಯೂ ಫ್ರೀಜರಿನಿಂದಲೇ ಬರುತ್ತದೆ ಅಲ್ವಾ. ನಮ್ಮ ಮಕ್ಕಳಿಗೆ ನಾಣ್ಯದ ಕಥೆ ಬಾಯಿಪಾಠ. ಸಂಕ್ರಾಂತಿಗೆ ಹೊಸ ಲಂಗ ಉಟ್ಟು ಬೀದಿ ತುಂಬ ಎಳ್ಳು ಬೀರುವುದು ಮಾತ್ರ ಅವರಿಗೆ ಫೋಟೋದಲ್ಲಿ ಕಂಡದ್ದು. ಅದು ಹೊಟ್ಟೆಯೊಳಗೆ ಚುಚ್ಚುತ್ತದೆ, ಸುಳ್ಳು ಹೇಳಲಾರೆ.

ಹಾಗಾಗಿ ಪುಡ್ಡಿಂಗ್ ತಿನ್ನಿಸಿದ ಮನೆಗೆ ಜನವರಿಯಲ್ಲಿ ಎಳ್ಳುಬೆಲ್ಲ ಹೋಗಲಿ, ಮಕ್ಕಳ ಕೈಯಲ್ಲೇ. ಆ ಮನೆಯವರನ್ನೂ ಮೊದಲೇ ಕೇಳಿ: ಎಳ್ಳು, ಕಡಲೆಕಾಯಿ ಇಲ್ಲಿ ಎಷ್ಟೋ ಜನಕ್ಕೆ ಅಲರ್ಜಿ.