ಪಿತ್ತದ ದಾರಿ ಕಟ್ಟಿದೆಯೇ? ಗುರುತಿಸುವುದು ಹೀಗೆ

ಹುಳಿತೇಗು ಬಂದರೆ ‘ಪಿತ್ತ ಆಗಿದೆ’ ಎನ್ನುವುದು ರೂಢಿ. ಅದು ಬಹುಪಾಲು ಜಠರದ ಆಮ್ಲದ ಕಾಟ; ಪಾಪ, ಹೆಸರು ಕೆಡುವುದು ಪಿತ್ತದ್ದು. ನಿಜವಾದ ಪಿತ್ತರಸವನ್ನು ಯಕೃತ್ತು ದಿನಕ್ಕೆ 500ರಿಂದ 1,000 ಮಿ.ಲೀ.ವರೆಗೆ ತಯಾರಿಸುತ್ತದೆ. ಅದು ಹರಿಯದೆ ನಿಂತಾಗ ತೊಂದರೆ ಶುರು.

ಮೊದಲು ದಾರಿ ತಿಳಿದುಕೊಳ್ಳಿ. ಹೊಟ್ಟೆ ಖಾಲಿ ಇದ್ದಾಗ ರಸ ಪಿತ್ತಕೋಶದಲ್ಲಿ ಶೇಖರವಾಗುತ್ತದೆ. ಈ ಚೀಲ ಹಿಡಿಯುವುದು 30–50 ಮಿ.ಲೀ. ಮಾತ್ರ, ಹಾಗಾಗಿ ನೀರು ಹೀರಿ ರಸವನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಜಿಡ್ಡು ಸಣ್ಣ ಕರುಳಿಗೆ ಬಂದೊಡನೆ ಕೊಲೆಸಿಸ್ಟೊಕೈನಿನ್ ಹಾರ್ಮೋನ್ ಹೊರಡುತ್ತದೆ. ಚೀಲ ಹಿಂಡಿಕೊಂಡು, ರಸವನ್ನು ಕರುಳಿಗೆ ಒಯ್ಯುವ ಪಿತ್ತನಾಳದ ತುದಿಯ ಸ್ನಾಯುಬಳೆ ಸಡಿಲಗೊಳ್ಳುತ್ತದೆ. ಪಿತ್ತಲವಣಗಳು ಜಿಡ್ಡನ್ನು ಸಣ್ಣ ಹನಿಗಳಾಗಿ ಒಡೆದು, ಸಣ್ಣ ಕರುಳಿನ ಕೊನೆಯಲ್ಲಿ ಹೀರಲ್ಪಟ್ಟು ಶೇ 95ರಷ್ಟು ಯಕೃತ್ತಿಗೇ ಮರಳುತ್ತವೆ.

ಹಂತ 1: ಬಣ್ಣ ನೋಡಿ. ಮಲದ ಕಂದು ಬಣ್ಣ ಬಿಲಿರುಬಿನ್‌ನ ಕೊಡುಗೆ; ಇದು ಹಳೆಯ ಕೆಂಪು ರಕ್ತಕಣ ಒಡೆದಾಗ ಹುಟ್ಟಿ ಪಿತ್ತದೊಡನೆ ಹರಿಯುವ ಹಳದಿ ಬಣ್ಣದ ವಸ್ತು. ನಾಳ ಕಟ್ಟಿದರೆ ಅದು ಕರುಳಿಗೆ ಇಳಿಯದೆ ಮಲ ಜೇಡಿಮಣ್ಣಿನಂತೆ ಬಿಳಿಚುತ್ತದೆ. ರಕ್ತಕ್ಕೆ ಸೇರಿದ ಬಿಲಿರುಬಿನ್ ಸೋಸಿ ಮೂತ್ರ ಕಡುಕಂದಾಗುತ್ತದೆ. ಕೆಂಪು ರಕ್ತಕಣ ಒಡೆದು ಬರುವ ಕಾಮಾಲೆಯಲ್ಲಿ ಮಲ ಬಿಳಿಚುವುದಿಲ್ಲ. ಆದ್ದರಿಂದ ಕಣ್ಣಿನ ಹಳದಿಗಿಂತ ಶೌಚದ ಬಣ್ಣ ಹೆಚ್ಚು ಹೇಳುತ್ತದೆ.

ಹಂತ 2: ಚರ್ಮ ಗಮನಿಸಿ. ಗುಳ್ಳೆಯಿಲ್ಲದ ತುರಿಕೆ, ಅದರಲ್ಲೂ ಅಂಗೈ ಅಂಗಾಲಿನಲ್ಲಿ, ಕಾಮಾಲೆಗೂ ಮೊದಲೇ ಬರಬಹುದು.

ಹಂತ 3: ನೋವು ಅಳೆಯಿರಿ. ಬಲ ಪಕ್ಕೆಲುಬಿನ ಕೆಳಗೆ ಊಟದ ನಂತರ ಎದ್ದು ತಾಸುಗಟ್ಟಲೆ ಇದ್ದು ಇಳಿದರೆ ಪಿತ್ತಕೋಶದ ಕಲ್ಲಿನ ಶಂಕೆ. ದೊಡ್ಡ ಕಲ್ಲು ಚೀಲದಲ್ಲೇ ಕುಳಿತಿರಬಹುದು; ನಾಳಕ್ಕೆ ಜಾರಿ ಮೇದೋಜೀರಕ ಗ್ರಂಥಿಯನ್ನೂ ಉರಿಯಿಸುವುದು ಹೆಚ್ಚಾಗಿ ಸಣ್ಣ ಕಲ್ಲು. ನೋವಿಲ್ಲದೆ ಕಾಮಾಲೆ ಏರುತ್ತಿದ್ದರೆ ನಿರಾಳವಾಗಬೇಡಿ: ನಾಳವನ್ನು ಗೆಡ್ಡೆ ಒತ್ತುತ್ತಿರಬಹುದು.

ಹಂತ 4: ಪರೀಕ್ಷೆ. ಅಲ್ಟ್ರಾಸೌಂಡ್‌ಗೆ 6–8 ಗಂಟೆ ಉಪವಾಸವಿರಿ. ತಿಂದು ಹೋದರೆ ಪಿತ್ತಕೋಶ ಕುಗ್ಗಿ ಕಲ್ಲು ಕಾಣದೆ ಹೋಗಬಹುದು. ರಕ್ತದಲ್ಲಿ ನೇರ (ಯಕೃತ್ತು ಸಂಸ್ಕರಿಸಿದ) ಬಿಲಿರುಬಿನ್, ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಎರಡೂ ಏರಿದ್ದರೆ ತಡೆಯ ಸುಳಿವು. ರಕ್ತ ಹೆಪ್ಪುಗಟ್ಟುವ ಅವಧಿಯನ್ನೂ ನೋಡಿಸಿ: ಪಿತ್ತವಿಲ್ಲದೆ ಕೆ ಜೀವಸತ್ವ ಹೀರಿಕೆಯಾಗದು. ಕಾರಣ ಅದೊಂದೇ ಆದರೆ ಕೆ ಚುಚ್ಚುಮದ್ದಿಗೆ ಅವಧಿ ಸರಿಹೋಗುತ್ತದೆ. ಯಕೃತ್ತೇ ಸೋತಿದ್ದರೆ ಅಷ್ಟಾಗಿ ಬದಲಾಗದು.

ಹಂತ 5: ಕಾಯಬಾರದ ಹೊತ್ತು. ಚಳಿಜ್ವರ, ಕಾಮಾಲೆ, ಬಲಭಾಗದ ನೋವು ಒಟ್ಟಿಗೆ ಬಂದರೆ ನಾಳಕ್ಕೆ ಸೋಂಕು ತಗುಲಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ. ಪ್ರತಿಜೈವಿಕದ ಜೊತೆಗೆ ಕೆಲವರಿಗೆ ಎಂಡೋಸ್ಕೋಪಿಯಿಂದ ಕಲ್ಲು ತೆಗೆಯುವುದೋ ನಾಳ ತೆರೆದಿಡುವ ಕೊಳವೆ (ಸ್ಟೆಂಟ್) ಹಾಕುವುದೋ ತುರ್ತಾಗಿ ಬೇಕಾಗುತ್ತದೆ.

ಹಸುಗೂಸಿನ ಲೆಕ್ಕ ಬೇರೆ. ಎರಡು ವಾರ ಕಳೆದೂ ಹಳದಿ ಇಳಿಯದೆ ಮಲ ಬಿಳಿಚಿದ್ದರೆ ಪಿತ್ತನಾಳ ಮುಚ್ಚಿಹೋಗಿರುವ ಸಾಧ್ಯತೆಯಿದೆ. ಅದಕ್ಕಿರುವ ‘ಕಸಾಯಿ’ (Kasai) ಎಂಬ ಹೆಸರಿನ ಶಸ್ತ್ರಚಿಕಿತ್ಸೆ ಹುಟ್ಟಿದ 60 ದಿನಗಳೊಳಗೆ ನಡೆದರೆ ಫಲ ಹೆಚ್ಚು. ಮಲದ ಫೋಟೊವನ್ನು ಹಗಲ ಬೆಳಕಿನಲ್ಲಿ ತೆಗೆದು ವೈದ್ಯರಿಗೆ ತೋರಿಸಿ. ಬಲ್ಬಿನ ಬೆಳಕು ಬಣ್ಣ ತಪ್ಪಿಸುತ್ತದೆ.