ಲಾರಿಯ ಚಾಸಿಸ್ ಬದಲಾವಣೆ: ವೆಲ್ಡಿಂಗ್ ಕಲಿಯುವುದೋ, ಪರಿಣತರಿಗೆ ಒಪ್ಪಿಸುವುದೋ

ಒಂದೆರಡು ಲಾರಿ ಇಟ್ಟುಕೊಂಡವರಿಗೆ ವೆಲ್ಡಿಂಗ್ ಖರ್ಚು ತಪ್ಪಿದ್ದಲ್ಲ. ಇಂದು ಹಿಂಬಾಗಿಲಿನ ಕೀಲು ಕಳಚಿದರೆ ನಾಳೆ ಮಡ್‌ಗಾರ್ಡಿನ ಬ್ರಾಕೆಟ್ ಮುರಿಯುತ್ತದೆ. ಮನೆಯ ಕರೆಂಟಿನಲ್ಲೇ ಓಡುವ ಸಣ್ಣ ಇನ್ವರ್ಟರ್ ವೆಲ್ಡಿಂಗ್ ಯಂತ್ರಗಳು ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತಿರುವುದರಿಂದ, ಈ ವಿದ್ಯೆಯನ್ನು ತಾವೇ ಕಲಿತರೆ ಚಾಸಿಸ್ ಕೆಲಸವನ್ನೂ ಮಾಡಿಕೊಳ್ಳಬಹುದಲ್ಲ ಎಂದು ಮಾಲೀಕರಿಗೆ ಅನ್ನಿಸುವುದು ಸಹಜ. ಕಲಿಯುವುದು ಖಂಡಿತ ಒಳ್ಳೆಯದು. ಆದರೆ ಕಲಿತದ್ದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು.

ಚಾಸಿಸ್‌ಗೆ ತೂಗುಹಾಕಿದ ವಸ್ತುಗಳು ಬೇರೆ, ಚಾಸಿಸ್ಸೇ ಬೇರೆ. ಟೂಲ್ ಬಾಕ್ಸ್, ಹಗ್ಗ ಕಟ್ಟುವ ಕೊಂಡಿ, ಬಾಡಿಯ ಪಕ್ಕದ ಕಂಬ, ಸ್ಟೆಪ್ನಿ ಸ್ಟ್ಯಾಂಡಿನಂಥವನ್ನು ಕೆಳಗಿಳಿಸಿ ಬೆಸೆದು ಬೋಲ್ಟಿನಿಂದ ಮತ್ತೆ ಕೂರಿಸುವುದಾದರೆ ಕಲಿತ ಮಾಲೀಕರೇ ಮಾಡಿಕೊಳ್ಳಬಹುದು. ಚಾಸಿಸ್‌ನಲ್ಲಿ ಮುಂದಿನಿಂದ ಹಿಂದಕ್ಕೆ ಓಡುವ ಎರಡು ಉದ್ದನೆಯ ಚಾನೆಲ್‌ಗಳ, ಅಂದರೆ ಅಂಚು ಮಡಿಚಿದ ಉಕ್ಕಿನ ತೊಲೆಗಳ ಮೇಲೆ ಮಾತ್ರ ಅವರು ಕಿಡಿ ಹಾರಿಸಬಾರದು.

ಇದಕ್ಕೆ ಮುಖ್ಯ ಕಾರಣ ಆ ಉಕ್ಕಿನ ಸ್ವಭಾವ. ನಮ್ಮ ದೇಶದ ಭಾರಿ ವಾಹನಗಳ ಚಾಸಿಸ್‌ಗೆ ಬಿಎಸ್‌ಕೆ 46ರಂಥ ಹೆಚ್ಚು ಬಲದ ಉಕ್ಕನ್ನು ಬಳಸುತ್ತಾರೆ. ಅದರ ಬಲವು ಅಲ್ಪ ಪ್ರಮಾಣದಲ್ಲಿ ಬೆರೆಸಿದ ಲೋಹಗಳಿಂದಲೂ ನಿಯಂತ್ರಿತ ಶಾಖದಲ್ಲಿ ಉರುಳೆಗಳ ನಡುವೆ ಎಳೆದ ಕ್ರಮದಿಂದಲೂ ಬಂದದ್ದು. ಅಳತೆ ಮೀರಿದ ಶಾಖ ತಾಗಿದಲ್ಲಿ ಆ ಬಲ ಕುಗ್ಗುತ್ತದೆ. ಹೀಗಾಗಿ ಬೆಸುಗೆ ಗಟ್ಟಿಯಾಗಿಯೇ ಇದ್ದು, ಅದರ ಪಕ್ಕದ ಲೋಹ ಬಿರಿಯುವುದನ್ನು ಗ್ಯಾರೇಜುಗಳಲ್ಲಿ ಕಾಣುತ್ತೇವೆ. ಇದರ ಜೊತೆಗೆ, ಭಾರ ಹೇರಿದಾಗ ಚಾನೆಲ್‌ನ ಮಡಿಚಿದ ಅಂಚುಗಳೇ ಅತಿ ಹೆಚ್ಚು ಎಳೆತ ಮತ್ತು ಒತ್ತಡ ಹೊರುತ್ತವೆ. ಎರಡು ಅಕ್ಸೆಲ್‌ಗಳ ನಡುವೆ ಕೆಳ ಅಂಚು ಎಳೆತಕ್ಕೆ ಸಿಕ್ಕಿದರೆ, ಹಿಂದಿನ ಅಕ್ಸೆಲ್ ದಾಟಿ ಚಾಚಿಕೊಂಡ ಭಾಗದಲ್ಲಿ ಮೇಲಿನ ಅಂಚು ಸಿಕ್ಕುತ್ತದೆ. ಅಂಚಿಗೆ ಅಡ್ಡಲಾಗಿ ಎಳೆದ ಒಂದು ಬೆಸುಗೆಯಾಗಲಿ, ಅಲ್ಲಿ ಕೊರೆದ ಒಂದು ತೂತಾಗಲಿ ಬಿರುಕಿಗೆ ಜಾಗ ಮಾಡಿಕೊಟ್ಟಂತೆ. ತೂತು ಬೇಕೇ ಬೇಕೆಂದಾದರೆ ಅದು ಎರಡು ಅಂಚುಗಳ ನಡುವಿನ ನಿಂತ ಮೈಯಲ್ಲಿರಬೇಕು, ಮತ್ತು ಗ್ಯಾಸ್ ಕಟರ್‌ನಿಂದ ಸುಡದೆ ಡ್ರಿಲ್‌ನಿಂದ ಕೊರೆದದ್ದಾಗಿರಬೇಕು.

ಕಲಿಯಲು ಹೊರಟವರಿಗೆ ಸರ್ಕಾರಿ ಮತ್ತು ಖಾಸಗಿ ಐಟಿಐಗಳಲ್ಲಿ ವೆಲ್ಡರ್ ತರಬೇತಿ ಇದೆ. ಅದರ ಅವಧಿ ಒಂದು ವರ್ಷ. ವಿಡಿಯೊ ನೋಡಿ ಒಂದು ವಾರದಲ್ಲಿ ಕಲಿಯಬಹುದೆನ್ನುವವರು ಈ ಅವಧಿ ಯಾಕಿದೆ ಎಂದು ಯೋಚಿಸಬೇಕು. ಮೇಜಿನ ಮೇಲೆ ಮಲಗಿಸಿದ ತುಂಡನ್ನು ಬೆಸೆಯುವುದು ಬೇಗ ಕೈಗೆ ಬರುತ್ತದೆ, ಆದರೆ ಲಾರಿಯಡಿಯಲ್ಲಿ ಎದುರಾಗುವುದು ನಿಂತ ಗೋಡೆಯಂಥ ಮೈ ಮತ್ತು ತಲೆಯ ಮೇಲಿನ ಅಂಚು, ಅಂದರೆ ಕರಗಿದ ಲೋಹ ಕೆಳಕ್ಕೆ ಸುರಿಯಲು ನೋಡುವ ಭಂಗಿಗಳು. ಮೊದಲು ಪಟ್ಟಿ ತುಂಡುಗಳನ್ನು ಬೆಸೆದು, ಅಡ್ಡ ಕತ್ತರಿಸಿ ಬುಡದವರೆಗೂ ಲೋಹ ಇಳಿದಿದೆಯೇ ಎಂದು ನೋಡಬೇಕು. ವೈಸ್‌ನಲ್ಲಿ ಹಿಡಿದು ಬಾಗಿಸಿ ಬಿರಿಯುತ್ತದೆಯೇ ಎಂದು ಪರೀಕ್ಷಿಸಬೇಕು. ಹೊರಗಿನ ಅಂದ ಏನನ್ನೂ ಖಾತ್ರಿಪಡಿಸುವುದಿಲ್ಲ. 10 ಅಥವಾ 11ನೇ ನಂಬರಿನ ಕಪ್ಪು ಗಾಜು, ಚರ್ಮದ ಕೈಗವಸು, ಹತ್ತಿಯ ಉಡುಪು ಇಲ್ಲದೆ ಯಂತ್ರ ಚಾಲೂ ಮಾಡಬಾರದು. ಸತು ಲೇಪಿಸಿದ ತಗಡನ್ನು ಮುಚ್ಚಿದ ಶೆಡ್ಡಿನಲ್ಲಿ ಬೆಸೆದರೆ ಆ ಹೊಗೆಯಿಂದ ಜ್ವರವೇ ಬರಬಹುದು.

ಸಣ್ಣ ಕೆಲಸವಾದರೂ ಲಾರಿಯ ಮೇಲೆಯೇ ಬೆಸೆಯುವಾಗ ಪಾಲಿಸಬೇಕಾದ ಕ್ರಮವೊಂದಿದೆ. ಬ್ಯಾಟರಿಯ ಎರಡೂ ತಂತಿಗಳನ್ನು ಬಿಚ್ಚಬೇಕು. ಆಲ್ಟರ್ನೇಟರ್ ಮತ್ತು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸಂಪರ್ಕಗಳನ್ನು ತಯಾರಕರ ಸೂಚನೆಯಂತೆ ಕಳಚಬೇಕು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್ 6 ಹೊಗೆ ನಿಯಮದ ವಾಹನಗಳಲ್ಲಿ ಎಲೆಕ್ಟ್ರಾನಿಕ್ ಭಾಗಗಳು ಹೆಚ್ಚಾಗಿರುವುದರಿಂದ ಇದನ್ನು ಮರೆತರೆ ಬೆಸುಗೆಗಿಂತ ನೂರು ಪಟ್ಟು ದುಬಾರಿಯ ರಿಪೇರಿ ಎದುರಾಗಬಹುದು. ಅರ್ಥ್ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಕಚ್ಚಿಸಬೇಕು, ಇಲ್ಲದಿದ್ದರೆ ಕರೆಂಟು ಬೇರಿಂಗ್‌ಗಳ ಮೂಲಕ ದಾರಿ ಹುಡುಕುತ್ತದೆ. ಡೀಸೆಲ್ ಟ್ಯಾಂಕ್, ಬ್ರೇಕಿನ ನೈಲಾನ್ ಪೈಪು ಮತ್ತು ವೈರಿಂಗ್ ಮೇಲೆ ಕಿಡಿ ಬೀಳದಂತೆ ಮರೆಮಾಡಬೇಕು. ಕಮಾನು ಪಟ್ಟಿಗಳನ್ನು (ಲೀಫ್ ಸ್ಪ್ರಿಂಗ್) ಬಹಳ ಮಂದಿ ಮರೆಯುತ್ತಾರೆ: ಅವುಗಳ ಮೇಲೆ ಬಿದ್ದ ಒಂದು ಬಿಸಿ ಹನಿಯೂ ಮುಂದೆ ಪಟ್ಟಿ ತುಂಡಾಗಲು ಕಾರಣವಾಗಬಲ್ಲದು.

ಚಾಸಿಸ್ ಬಿರುಕು ಬಿಟ್ಟಿದ್ದರೆ, ಬಲಪಡಿಸುವ ತಗಡು ಹಾಕಬೇಕಿದ್ದರೆ ಅಥವಾ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಅಕ್ಸೆಲ್‌ಗಳ ನಡುವಿನ ಅಂತರ) ಬದಲಿಸಬೇಕಿದ್ದರೆ, ವಾಹನ ತಯಾರಕರ ಅಧಿಕೃತ ಸರ್ವೀಸ್ ಕೇಂದ್ರವನ್ನೋ ಚಾಸಿಸ್ ಕೆಲಸದಲ್ಲಿ ಪಳಗಿದ ವರ್ಕ್‌ಶಾಪನ್ನೋ ಹಿಡಿಯಬೇಕು. ಇಲ್ಲಿ ಕಲಿತ ವಿದ್ಯೆ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಏನು ಕೇಳಬೇಕೆಂಬುದು ಗೊತ್ತಿರುತ್ತದೆ. ಯಾವ ರಾಡ್ (ಕರಗಿ ಬೆಸುಗೆ ತುಂಬುವ ಕಡ್ಡಿ) ಬಳಸುತ್ತೀರಿ ಎಂದು ಕೇಳಿ. ಬೀದಿಬದಿಯ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು 6013 ನಂಬರಿನ ರಾಡ್; ಚಾಸಿಸ್‌ಗೆ ತಯಾರಕರು ಸಾಮಾನ್ಯವಾಗಿ ಬಯಸುವುದು ಜಲಜನಕ ಕಡಿಮೆಯಿರುವ 7018ರ ಜಾತಿಯ ರಾಡ್. ಅದು ಗಾಳಿಯ ತೇವ ಹೀರಿಕೊಂಡರೆ ಬೆಸೆದು ಗಂಟೆಗಳಾದ ಮೇಲೆ ಒಳಗೇ ಬಿರುಕು ಮೂಡಬಹುದು, ಆದ್ದರಿಂದ ರಾಡ್ ಒಣಗಿಸುವ ಓವನ್ ಅವರಲ್ಲಿ ಇದೆಯೇ ಎಂದೂ ನೋಡಿ. ಬಿರುಕಿನ ತುದಿಯಲ್ಲಿ ತೂತು ಕೊರೆದು ಅದು ಮುಂದುವರಿಯದಂತೆ ತಡೆದು, ವಿ ಆಕಾರದಲ್ಲಿ ತೋಡಿ, ಪೂರ್ತಿ ತುಂಬಿ, ಗ್ರೈಂಡ್ ಮಾಡಿ ಸಮಗೊಳಿಸುವವರು ಕೆಲಸ ಬಲ್ಲವರು. ಬಿರುಕಿನ ಮೇಲೆಯೇ ತಗಡು ಕೂರಿಸಿ ಸುತ್ತಲೂ ಬೆಸೆಯುವವರಿಂದ ದೂರವಿರಿ. ಬಲಪಡಿಸುವ ತಗಡಿನ ತುದಿಯನ್ನು ನೇರವಾಗಿ ಕಡಿಯದೆ ಓರೆಯಾಗಿ ಇಳಿಸಬೇಕು, ಇಲ್ಲದಿದ್ದರೆ ಮುಂದಿನ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಓವರ್‌ಲೋಡ್‌ನಿಂದಲೋ ಕಮಾನು ಪಟ್ಟಿಯನ್ನು ಅಕ್ಸೆಲ್‌ಗೆ ಬಿಗಿಯುವ ಯು ಬೋಲ್ಟ್ ಸಡಿಲವಾದ್ದರಿಂದಲೋ ಬಿರುಕು ಬಂದಿದ್ದರೆ, ಆ ಕಾರಣ ಸರಿಯಾಗದೆ ಯಾವ ಬೆಸುಗೆಯೂ ನಿಲ್ಲದು.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ವೀಲ್‌ಬೇಸ್ ಆ ವಿವರಗಳಲ್ಲೊಂದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು, ಇಲ್ಲವೇ ಎರಡನ್ನೂ ವಿಧಿಸಬಹುದು. ಆದುದರಿಂದ ಕಬ್ಬಿಣ ಕತ್ತರಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೂ ತಿಳಿಸಬೇಕು. ಚಾಸಿಸ್ ನಂಬರು ಕೊರೆದ ಜಾಗಕ್ಕೆ ಗ್ರೈಂಡರ್ ತಾಗಿದರೆ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಸಮಯದಲ್ಲಿ ಉತ್ತರ ಕೊಡುವುದು ಕಷ್ಟ.

ಕೆಲಸ ಮುಗಿದ ಕೂಡಲೇ ಬಣ್ಣ ಬಳಿಯಲು ಬಿಡಬೇಡಿ. ಮೊದಲು ಕೆಂಪು ದ್ರಾವಣ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸುವ ಪರೀಕ್ಷೆ ಮಾಡಿಸಬೇಕು. ಬಿರುಕು ಮೇಲ್ಮೈಗೆ ತೆರೆದಿದ್ದರೆ ಬಿಳಿಯ ಮೇಲೆ ಕೆಂಪು ಗೆರೆಯಾಗಿ ಕಾಣುತ್ತದೆ. ನಂತರ ಪ್ರೈಮರ್ ಹಚ್ಚಿಸಿ, ಮೊದಲ ಲೋಡ್ ಇಳಿಸಿದ ಮೇಲೆ ಎಲ್ಲ ಬೋಲ್ಟ್‌ಗಳನ್ನೂ ಟಾರ್ಕ್ ರೆಂಚ್‌ನಿಂದ ಮತ್ತೊಮ್ಮೆ ಬಿಗಿ ಮಾಡಿಸಿ, ಬೆಸೆದ ಜಾಗವನ್ನು ಟಾರ್ಚ್ ಹಿಡಿದು ನೋಡಬೇಕು.