ಎರಡು ಸೆಕೆಂಡಿನಲ್ಲಿ ಕಾರಿನ ಪಾಲೆಷ್ಟು, ಟೈರಿನ ಪಾಲೆಷ್ಟು?

ರೇಸ್ ಟ್ರ್ಯಾಕಿನ ಒಂದು ಸುತ್ತಿನಲ್ಲಿ (ಲ್ಯಾಪ್) ಎರಡು ಕಾರುಗಳ ನಡುವೆ 2.3 ಸೆಕೆಂಡಿನ ಅಂತರ. ಒಂದು ನಿಮಿಷ ಇಪ್ಪತ್ತು ಸೆಕೆಂಡಿನ ಆಸುಪಾಸಿನ ಲ್ಯಾಪಿಗೆ ಅದು ಸಣ್ಣದಲ್ಲ. ಪವರ್ ಹೆಚ್ಚಿರುವ ಕಾರು ಗೆದ್ದಿತು, ಹಗುರವಾದದ್ದು ಸೋತಿತು ಎಂದು ಲೆಕ್ಕ ಮುಗಿದಿತ್ತು. ಸೋತದ್ದರಲ್ಲಿ ಮಿಶೆಲಿನ್‌ನ ರಸ್ತೆ ಟೈರ್ ಪೈಲಟ್ ಸ್ಪೋರ್ಟ್ 4 ಎಸ್, ಗೆದ್ದದ್ದರಲ್ಲಿ ಅದೇ ಕಂಪನಿಯ, ಟ್ರ್ಯಾಕಿಗೆ ಹೆಚ್ಚು ಒಗ್ಗುವ ಕಪ್ 2. ಟೈರಿಗೆ ಹೆಚ್ಚೆಂದರೆ ಅರ್ಧ ಸೆಕೆಂಡು ಕೊಡಬಹುದು ಅಂದವರೇ ಎಲ್ಲರೂ. ಎರಡಕ್ಕೂ ಒಂದೇ ಕಪ್ 2 ಹಾಕಿ, ಅಳೆಯಬೇಕಾದ ರೀತಿಯಲ್ಲಿ ಅಳೆದಾಗ ಉಳಿದ ಅಂತರ ಸುಮಾರು 0.4. ಹಗುರ ಕಾರು ಬರೀ ಟೈರಿನಿಂದ 1.9 ಸೆಕೆಂಡು ಇಳಿಯಿತು. ಈ ಅಂಕಿ ಕೈಗೆ ಬರುವ ಹೊತ್ತಿಗೆ ನಾಲ್ಕು ಸೆಟ್ ಸವೆದಿದ್ದವು, ಅದರಲ್ಲಿ ಎರಡು ಪೂರ್ತಿ ವ್ಯರ್ಥ.

ಮೊದಲ ಸೆಟ್ ಹಾಳಾದದ್ದು ಟ್ರೆಡ್ (ನೆಲಕ್ಕೆ ತಾಗುವ ರಬ್ಬರ್ ಪದರ) ಆಳದಿಂದ. ಹೊಸ ಟೈರ್ ಹಾಗೇ ಹಾಕಿ, ಅರ್ಧ ಸವೆದ ಟೈರಿನ ಎದುರು ಓಡಿಸಿದೆ. ಹೊಸದರ ಟ್ರೆಡ್ ಬ್ಲಾಕ್‌ಗಳು ಎತ್ತರ, ತಿರುವಿನಲ್ಲಿ ಓಲಾಡುತ್ತವೆ, ಆ ಓಲಾಟವೇ ಶಾಖವಾಗುತ್ತದೆ. ಎರಡನೇ, ಮೂರನೇ ಲ್ಯಾಪ್ ಚೆನ್ನಾಗಿ ಬಂತು, ನಾಲ್ಕನೇ ಲ್ಯಾಪಿನಿಂದ ಮುಂಭಾಗದ ಟೈರ್ ಜಿಡ್ಡುಗಟ್ಟಿ ಜಾರತೊಡಗಿತು. ಎರಡನೇ ಸೆಟ್ ಹೋದದ್ದು ವಯಸ್ಸಿನಿಂದ. ಹೆಸರು ಒಂದೇ, ಸೈಜ್ ಒಂದೇ, ಆದರೆ ಸೈಡ್‌ವಾಲ್ ಮೇಲಿನ ನಾಲ್ಕಂಕಿಯ ವಾರ-ವರ್ಷದ ಮುದ್ರೆ ನೋಡಿರಲಿಲ್ಲ. ಒಂದು ಜೊತೆ ಇನ್ನೊಂದಕ್ಕಿಂತ ನಾಲ್ಕು ವರ್ಷ ಹಳೆಯದು, ರಬ್ಬರ್ ಗಟ್ಟಿಯಾಗಿತ್ತು. ಆ ದಿನದ ಅಷ್ಟೂ ಲ್ಯಾಪ್ ಕಸದ ಬುಟ್ಟಿಗೆ. ಹೆಸರನ್ನು ನಂಬಿ ಕೊಳ್ಳುವವರು ಇನ್ನೊಂದನ್ನೂ ನೋಡಬೇಕು: ಪೋರ್ಷೆಯ ಎನ್0, ಎನ್1, ಬಿಎಂಡಬ್ಲ್ಯುವಿನ ನಕ್ಷತ್ರ, ಮರ್ಸಿಡಿಸ್‌ನ ಎಂಒ. ಈ ಗುರುತು ಇರುವ ಟೈರ್‌ಗಳು ಆಯಾ ಕಾರಿಗೆಂದೇ ಹೊಂದಿಸಿದವು. ಹೊರಗೆ ಹೆಸರು ಒಂದೇ ಇದ್ದರೂ ಒಳಗಿನ ರಚನೆಯೋ ಕಾಂಪೌಂಡೋ (ರಬ್ಬರ್ ಮಿಶ್ರಣ) ಬೇರೆ ಇರಬಹುದು.

ಟೈರಿನ ಬದಿಯಲ್ಲಿ ಬರೆದಿರುವ ಟ್ರೆಡ್‌ವೇರ್ ಅಂಕಿಯನ್ನು ಗ್ರಿಪ್‌ನ (ನೆಲಹಿಡಿತದ) ಅಳತೆ ಎಂದುಕೊಳ್ಳುವವರು ಇನ್ನೂ ಇದ್ದಾರೆ. ಅದು ಸವೆತದ ಅಂಕಿ, ಹಾಕುವವರು ತಯಾರಕರೇ. 200 ಎಂದು ಬರೆದಿರುವ ಎರಡು ಟೈರ್‌ಗಳ ನಡುವೆ ಒಂದೇ ಕಾರಿನಲ್ಲಿ ಸೆಕೆಂಡಿಗೂ ಮೀರಿದ ಅಂತರ ಕಂಡಿದ್ದೇನೆ.

ಗೆದ್ದ ವಿಧಾನದಲ್ಲಿ ಗುಟ್ಟೇನಿಲ್ಲ, ತಾಳ್ಮೆ ಬೇಕು ಅಷ್ಟೆ. ಒಂದು ಸೆಟ್ ಅನ್ನು ಅಳತೆಗೋಲಾಗಿ ಎತ್ತಿಡಿ. ಐದಾರು ಹೀಟ್ ಸೈಕಲ್ (ಪೂರ್ತಿ ಕಾದು ಮತ್ತೆ ಆರುವುದು) ಕಂಡ, ಟ್ರೆಡ್ ನಾಲ್ಕು ಮಿಲಿಮೀಟರ್ ಸುತ್ತಮುತ್ತ ಉಳಿದ, ಇನ್ನು ಬೇಗ ಬದಲಾಗದ ಸೆಟ್ ಅದಾಗಿರಬೇಕು. ಮೊದಲು ಅದು, ಆಮೇಲೆ ಪರೀಕ್ಷೆಯ ಸೆಟ್, ಮತ್ತೆ ಅದೇ ಅಳತೆಗೋಲು. ಮೊದಲ ಮತ್ತು ಕೊನೆಯ ಓಟದ ನಡುವೆ 0.3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ದಿನದ ಫಲಿತಾಂಶ ನನ್ನ ಹಾಳೆಗೆ ಹತ್ತುವುದಿಲ್ಲ. ಅಂಥ ದಿನಗಳು ಮೂರರಲ್ಲಿ ಒಂದು. ಟ್ರ್ಯಾಕಿಗೆ ರಬ್ಬರ್ ಹತ್ತುತ್ತಾ ಹೋಗುತ್ತದೆ, ಬಿಸಿಲು ಏರಿದಂತೆ ಎಂಜಿನ್‌ಗೆ ಸಿಗುವ ಗಾಳಿ ತೆಳುವಾಗುತ್ತದೆ. ಮೂರನೇ ಓಟವಿಲ್ಲದೆ ಇವನ್ನು ಟೈರಿನಿಂದ ಬಿಡಿಸಿ ನೋಡಲು ಸಾಧ್ಯವೇ ಇಲ್ಲ. ಪ್ರತಿ ಓಟಕ್ಕೂ ಟ್ಯಾಂಕಿನಲ್ಲಿ ಅಷ್ಟೇ ಪೆಟ್ರೋಲ್ ಇರಲಿ. ನಲವತ್ತು ಲೀಟರ್ ಕಡಿಮೆಯಾದರೆ ಮೂವತ್ತು ಕಿಲೋ ಇಳಿದ ಹಾಗೆ, ಆ ಲಾಭವೆಲ್ಲ ಟೈರಿನ ಹೆಸರಿಗೆ ಸೇರಿಬಿಡುತ್ತದೆ.

ಟೈರಿನ ಗಾಳಿಯ ಒತ್ತಡವನ್ನು ತಣ್ಣಗಿರುವಾಗ ಒಂದೇ ಮಾಡಿದರೆ ಸಾಲದು, ಬಿಸಿಯಾದ ಮೇಲೆ ಒಂದೇ ಇರಬೇಕು. 25 ಡಿಗ್ರಿಯಲ್ಲಿ 26 ಪಿಎಸ್‌ಐ ತುಂಬಿದ ಟೈರ್ 75 ಡಿಗ್ರಿ ಮುಟ್ಟಿದರೆ 32-33ಕ್ಕೆ ಏರುತ್ತದೆ. ನಾನು ಬಿಸಿಯಲ್ಲಿ 32 ಹಿಡಿಯುತ್ತೇನೆ, ಪಿಟ್‌ಗೆ ಬಂದ ಕೂಡಲೇ ನೋಡಿ ಇಳಿಸುತ್ತೇನೆ. ಕಾಯುತ್ತಾ ಬಿದ್ದಿರುವ ಸೆಟ್ ನೆರಳಿನಲ್ಲಿರಲಿ. ಬಿಸಿಲಿಗೆ ಬಿದ್ದ ಒಂದು ಬದಿಯ ಎರಡು ಟೈರ್ ಓಡುವ ಮೊದಲೇ ಎರಡು ಪಿಎಸ್‌ಐ ಏರಿದ್ದವು. ಅದು ಗೊತ್ತಾಗದೆ ಕಾರು ಎಡಕ್ಕೊಂದು ಬಲಕ್ಕೊಂದು ಥರ ತಿರುಗುವುದೇಕೆ ಎಂದು ಅರ್ಧ ದಿನ ಚಕ್ರಗಳ ಅಲೈನ್‌ಮೆಂಟ್ ಮೇಲೆ ಕಳೆಯಿತು. ತಣ್ಣಗಿರುವಾಗ ಎಡ-ಬಲಕ್ಕೆ ಎಷ್ಟು ಬೇರೆ ಇಟ್ಟು ಹೊರಡುತ್ತೇನೆ, ಔಟ್‌ಲ್ಯಾಪ್‌ನಲ್ಲಿ (ಪಿಟ್‌ನಿಂದ ಹೊರಟ ಮೊದಲ ಸುತ್ತಿನಲ್ಲಿ) ಹಿಂಭಾಗದ ಟೈರನ್ನು ಹೇಗೆ ಕಾಯಿಸುತ್ತೇನೆ ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ದುಡ್ಡು ಸುರಿದು ಕಲಿತದ್ದು.

ತಾಪಮಾನಕ್ಕೆ ಇನ್‌ಫ್ರಾರೆಡ್ ಗನ್ ಬೇಡ. ಅದು ಓದುವುದು ಮೇಲ್ಮೈಯನ್ನು, ಕಾರು ಪಿಟ್ ಒಳಗೆ ಬರುವಷ್ಟರಲ್ಲಿ ಅದು ಆರಿರುತ್ತದೆ. ರಬ್ಬರ್ ಒಳಗೆ ಎರಡು ಮಿಲಿಮೀಟರ್ ಚುಚ್ಚುವ ಸೂಜಿಯ ಪೈರೋಮೀಟರ್ (ತಾಪಮಾಪಕ) ಬೇಕು. ಒಳ ಅಂಚು, ನಡು, ಹೊರ ಅಂಚು, ಮೂರೂ ಕಡೆ. ಇಡೀ ಕೆಲಸದ ತಿರುಳು ನನಗೆ ಸಿಕ್ಕಿದ್ದು ಇಲ್ಲೇ. ಹಗುರ ಕಾರಿನ ಮುಂದಿನ ಕ್ಯಾಂಬರ್ (ಚಕ್ರ ವಾಲಿದ ಕೋನ; ಮೈನಸ್ ಅಂದರೆ ಮೇಲ್ತುದಿ ಒಳಕ್ಕೆ) ಮೈನಸ್ 2.8 ಇತ್ತು, ಒಳ ಅಂಚಿಗೂ ಹೊರ ಅಂಚಿಗೂ ತಾಪದಲ್ಲಿ ಏಳೆಂಟು ಡಿಗ್ರಿ ಅಂತರ. ಪವರ್ ಕಾರಿನದು ಕಂಪನಿ ಕೊಟ್ಟಂತೆ ಮೈನಸ್ 1.2, ಹೊರ ಅಂಚು ಒಳಗಿಗಿಂತ ಇಪ್ಪತ್ತು ಡಿಗ್ರಿ ಹೆಚ್ಚು ಕಾದಿತ್ತು. ಅಂದರೆ ಕಪ್ 2 ಅಲ್ಲಿ ಅರ್ಧ ಅಗಲದಲ್ಲಿ ಮಾತ್ರ ದುಡಿಯುತ್ತಿತ್ತು. 4 ಎಸ್‌ನಿಂದ ಕಪ್ 2ಗೆ ಹೋದಾಗ ಹಗುರ ಕಾರಿಗೆ 1.9 ಸಿಕ್ಕರೆ ಇದಕ್ಕೆ ಸಿಕ್ಕಿದ್ದು 1.5. ಹಾಗಾಗಿ ಎರಡೂ ಕಪ್ 2 ಮೇಲಿದ್ದರೆ ಅಂತರ 0.4, ಎರಡೂ 4 ಎಸ್ ಮೇಲಿದ್ದರೆ 0.8. ‘ಒಳ್ಳೆಯ ಟೈರಿಗೆ ಇಷ್ಟು ಸೆಕೆಂಡು’ ಎಂದು ಒಂದೇ ಅಂಕಿ ಇಟ್ಟುಕೊಂಡು ಎಲ್ಲ ಕಾರಿನಿಂದ ಕಳೆಯುವ ಪಟ್ಟಿಗಳು ತಪ್ಪುವುದು ಈ ಕಾರಣಕ್ಕೆ.

ಲ್ಯಾಪ್ ಟೈಮ್ ಒಂದನ್ನೇ ಹಿಡಿಯಬೇಡಿ, ವೇಗ ದಾಖಲಿಸುವ ಲಾಗರ್‌ನಲ್ಲಿ ಪ್ರತಿ ತಿರುವಿನ ಕನಿಷ್ಠ ವೇಗ ತೆಗೆಯಿರಿ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗ್ರಿಪ್ 1.1 ಜಿಯಿಂದ 1.2 ಜಿ (ಜಿ ಅಂದರೆ ಗುರುತ್ವದ ವೇಗೋತ್ಕರ್ಷ) ಆದರೆ ವೇಗ ಗಂಟೆಗೆ ಸುಮಾರು 84ರಿಂದ 87 ಕಿಲೋಮೀಟರಿಗೆ ಏರಬೇಕು. ಏರಿಕೆ ಒಂದೇ ತಿರುವಿನಲ್ಲಿ ಕಂಡು ಉಳಿದಲ್ಲಿ ಕಾಣದಿದ್ದರೆ ಅದು ಡ್ರೈವರ್‌ನ ಲೈನ್, ಟೈರ್ ಅಲ್ಲ.

ಖರ್ಚು ಉಳಿಸುವ ಜಾಗ ಒಂದೇ, ಎರಡನೇ ಜೊತೆ ರಿಮ್. ಒಂದೇ ರಿಮ್‌ಗೆ ಪದೇ ಪದೇ ಟೈರ್ ಬಿಚ್ಚಿ ಹಾಕಿದರೆ ಬೀಡ್ (ರಿಮ್‌ಗೆ ಕೂರುವ ಟೈರಿನ ಅಂಚು) ಹರಿಯಬಹುದು, ಒಂದು ಗಂಟೆ ಹೋಗುತ್ತದೆ, ಅಷ್ಟರಲ್ಲಿ ಟ್ರ್ಯಾಕ್ ಬೇರೆಯೇ ಆಗಿರುತ್ತದೆ. ಎರಡೂ ಜೊತೆಯ ಅಗಲ, ಆಫ್‌ಸೆಟ್, ತೂಕ ಒಂದೇ ಇರಲಿ. ಹೊಸ ಸೆಟ್‌ನ ಅತಿ ವೇಗದ ಲ್ಯಾಪ್‌ಗಾಗಿ ದುಡ್ಡು ಸುಡಬೇಡಿ, ಅದು ಎರಡೇ ಸಲ ಬರುವ ಅಂಕಿ.

ನಡುವೆ ಟೈರಿಗೆ ಗಾಳಿಯ ಬದಲು ನೈಟ್ರೋಜನ್ ತುಂಬಿ ಕೂಡ ಪರೀಕ್ಷಿಸಿದೆ. ಚೆನ್ನಾಗಿ ಒಣಗಿಸಿದ ಗಾಳಿಗೂ ಅದಕ್ಕೂ ಒತ್ತಡದ ಏರಿಕೆಯಲ್ಲಿ ಅರ್ಧ ಪಿಎಸ್‌ಐ ಕೂಡ ವ್ಯತ್ಯಾಸವಿಲ್ಲ. ಕಾಟ ಕೊಡುವುದು ಕಂಪ್ರೆಸರ್‌ನ ನೀರಿನಂಶ. ಸೈಜ್ ಬದಲಾವಣೆ ಮಾತ್ರ ಕುತೂಹಲ ಹುಟ್ಟಿಸಿತು. 265/35 ಆರ್18 (ಅಗಲ ಮಿಲಿಮೀಟರಿನಲ್ಲಿ, ಪಕ್ಕದ ಎತ್ತರ ಅಗಲದ ಶೇಕಡಾ ಲೆಕ್ಕದಲ್ಲಿ, ರಿಮ್ ಇಂಚಿನಲ್ಲಿ) ಬದಲು ಅದೇ ರಿಮ್‌ಗೆ 255/40 ಹಾಕಿದರೆ ವ್ಯಾಸ 643 ಮಿಲಿಮೀಟರಿನಿಂದ 661ಕ್ಕೆ ಹೋಗುತ್ತದೆ, ಗೇರಿಂಗ್ ಮೂರು ಶೇಕಡಾ ಉದ್ದವಾಗುತ್ತದೆ. ಒಂದು ನೇರದಲ್ಲಿ ನಾಲ್ಕನೇ ಗೇರ್ ಬೇಕಾಗಲೇ ಇಲ್ಲ, ಅಲ್ಲಿ 0.15 ಉಳಿಯಿತು. ನಿಧಾನದ ತಿರುವುಗಳಿಂದ ಹೊರಬರುವಾಗ ಅದಕ್ಕಿಂತ ಹೆಚ್ಚು ಹೋಯಿತು. ಟೈರಿನದೆಂದು ಬರೆದುಕೊಂಡ ಎಷ್ಟೋ ಲಾಭ-ನಷ್ಟ ಅಸಲಿಗೆ ಗೇರಿನದು.

ದೊಡ್ಡವರ ಅಂಕಿಗಳನ್ನೂ ಈಗ ಹೀಗೇ ಓದುತ್ತೇನೆ. ಜರ್ಮನಿಯ ನೂರ್‌ಬುರ್ಗ್‌ರಿಂಗ್ ಟ್ರ್ಯಾಕಿನಲ್ಲಿ 2017ರ ಪೋರ್ಷೆ 911 ಜಿಟಿ3ಯ ಸಮಯ 7:12.7, ಕಪ್ 2 ಮೇಲೆ. 2021ರ ಜಿಟಿ3ಯದು ಅದೇ 20.6 ಕಿಲೋಮೀಟರಿಗೆ 6:55.2, ಅದಕ್ಕೆ ಹಾಕಿದ್ದು ಇನ್ನೂ ಹೆಚ್ಚು ಗ್ರಿಪ್‌ನ ಕಪ್ 2 ಆರ್. ಆ ಹದಿನೇಳು ಸೆಕೆಂಡಿನಲ್ಲಿ ಹೊಸ ಮುಂಭಾಗದ ಸಸ್ಪೆನ್ಷನ್ ಮತ್ತು ರೆಕ್ಕೆಯ ಪಾಲು ಎಷ್ಟು ಎಂದು ತಿಳಿಯಬೇಕಾದರೆ ಹಳೆಯ ಕಾರಿಗೂ ಕಪ್ 2 ಆರ್ ಹಾಕಿ, ಅದೇ ದಿನ, ಅದೇ ಡ್ರೈವರ್ ಕೈಗೆ ಕೊಟ್ಟು ಓಡಿಸಬೇಕು.